ಎಂಬತ್ತಕ್ಕೂ ಎಂಬತ್ತೊಂದಕ್ಕೂ ನಡುವೆ: ಪ್ರಮಾಣಶ್ರುತಿ ಎಂದರೇನು?

ಸಂಗೀತ ಕಲಿಯುವವರ ಮನೆಗಳಲ್ಲಿ ಈಗ ತಂಬೂರಿಯ ಪಕ್ಕದಲ್ಲಿ ಮೊಬೈಲ್ ಫೋನ್ ಕೂಡ ಇರುತ್ತದೆ. ಹಾಡಿದ ಸ್ವರ ಎಷ್ಟು ಸರಿಯಾಗಿದೆ ಎಂದು ಮುಳ್ಳು ಆಡಿಸಿ ತೋರಿಸುವ ಶ್ರುತಿಮಾಪಕ ಆ್ಯಪ್‌ಗಳು ಸುಲಭವಾಗಿ ಸಿಗುತ್ತವೆ. ಗುರುಗಳು ಎದುರಿಗಿಲ್ಲದ ಹೊತ್ತಿನಲ್ಲಿ ಮಕ್ಕಳೂ ಹೆತ್ತವರೂ ಅವನ್ನೇ ನೆಚ್ಚಿಕೊಳ್ಳುತ್ತಾರೆ. ಒಂದು ಗೊಂದಲ ಹುಟ್ಟುವುದೂ ಅಲ್ಲಿಂದಲೇ. ತಂಬೂರಿಗೆ ಕಿವಿಗೊಟ್ಟು ಶಂಕರಾಭರಣ ರಾಗದ ಗಾಂಧಾರವನ್ನು (‘ಗ’ ಸ್ವರವನ್ನು) ನಿಧಾನವಾಗಿ ಹಚ್ಚಿ, ಅದು ನಾದದಲ್ಲಿ ಕರಗಿಹೋಗುವಂತೆ ನಿಲ್ಲಿಸಿದಾಗ ಆ್ಯಪ್ ‘14 ಸೆಂಟ್ ಕಡಿಮೆ’ ಎನ್ನುತ್ತದೆ. ಆ್ಯಪ್‌ನ ಮಾತು ಕೇಳಿ ಸ್ವರವನ್ನು ಏರಿಸಿದರೆ ಮುಳ್ಳು ನಡುವಿಗೆ ಬಂದು ನಿಲ್ಲುತ್ತದೆ, ಆದರೆ ತಂಬೂರಿಯ ಜೊತೆಗಿನ ಸಿಹಿ ಹೋಗಿಬಿಡುತ್ತದೆ.

ಇಲ್ಲಿ ಕಿವಿಯೂ ತಪ್ಪಿಲ್ಲ, ಆ್ಯಪ್ ಕೂಡ ಕೆಟ್ಟಿಲ್ಲ. ಇವೆರಡೂ ಬೇರೆ ಬೇರೆ ಅಳತೆಗೋಲು ಹಿಡಿದಿವೆ ಅಷ್ಟೆ. ಅಳತೆಗೋಲುಗಳು ಎರಡಾಗಲು ಕಾರಣವಾದದ್ದು ಒಂದು ಅತಿ ಸಣ್ಣ ಅಂತರ. ಅದರ ಅನುಪಾತ 81:80. ಗ್ರೀಕ್ ಪರಂಪರೆಯವರು ಅದನ್ನು ಕಾಮ (comma) ಎಂದರು, ನಮ್ಮ ಸಂಗೀತಶಾಸ್ತ್ರವನ್ನು ಇಂದು ಓದುವ ಅನೇಕ ವಿದ್ವಾಂಸರು ಅದನ್ನು ಪ್ರಮಾಣಶ್ರುತಿಯೊಂದಿಗೆ ಗುರುತಿಸುತ್ತಾರೆ. ಯಾರದೋ ಅಜಾಗರೂಕತೆಯಿಂದ ಹುಟ್ಟಿದ ದೋಷ ಇದಲ್ಲ. ಗಣಿತದಲ್ಲಿಯೇ ಇರುವ ಈ ಬಿರುಕನ್ನು ತೆಗೆದುಹಾಕುವುದು ಸಾಧ್ಯವಿಲ್ಲ. ಅದನ್ನು ಎಲ್ಲಿಡಬೇಕು ಎಂದು ಪ್ರತಿಯೊಂದು ಸಂಗೀತ ಪದ್ಧತಿಯೂ ತೀರ್ಮಾನಿಸಲೇಬೇಕಾಗುತ್ತದೆ.

ಮೊದಲು ಕೆಲವು ಪದಗಳು

ಕನ್ನಡದಲ್ಲಿ ‘ಶ್ರುತಿ’ ಎಂಬ ಮಾತಿಗೆ ಸಂಗೀತದಲ್ಲಿ ಎರಡು ಅರ್ಥಗಳಿವೆ. ‘ಶ್ರುತಿ ಸೇರಿಸು’, ‘ನಿಮ್ಮ ಶ್ರುತಿ ಯಾವುದು’ ಎನ್ನುವಾಗ ಅದು ಹಾಡುಗಾರರು ಆಧಾರವಾಗಿ ಇಟ್ಟುಕೊಂಡ ಷಡ್ಜವನ್ನು (‘ಸ’ ಸ್ವರವನ್ನು) ಸೂಚಿಸುತ್ತದೆ. ‘ಇಪ್ಪತ್ತೆರಡು ಶ್ರುತಿಗಳು’ ಎನ್ನುವಾಗ ಅದೇ ಪದ ಕಿವಿ ಗುರುತಿಸಬಲ್ಲ ಸಣ್ಣ ಅಂತರವನ್ನು ಸೂಚಿಸುತ್ತದೆ. ಈ ಲೇಖನದಲ್ಲಿ ಬರುವ ಪ್ರಮಾಣಶ್ರುತಿ ಎರಡನೆಯ ಅರ್ಥಕ್ಕೆ ಸೇರಿದ್ದು.

ಒಂದು ತಂತಿ ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬುದೇ ಅದರ ಕಂಪನಸಂಖ್ಯೆ, ಅದನ್ನು ಹರ್ಟ್ಜ್‌ನಲ್ಲಿ ಹೇಳುತ್ತಾರೆ. ಸಂಗೀತದಲ್ಲಿ ಮುಖ್ಯವಾಗುವುದು ಎರಡು ಕಂಪನಸಂಖ್ಯೆಗಳ ವ್ಯತ್ಯಾಸವಲ್ಲ, ಅವುಗಳ ಅನುಪಾತ. ಮಧ್ಯ ಷಡ್ಜ 240 ಹರ್ಟ್ಜ್ ಎಂದು ಇಟ್ಟುಕೊಂಡರೆ ತಾರ ಷಡ್ಜ 480 ಆಗುತ್ತದೆ, ಅಂದರೆ ಅನುಪಾತ 2:1. ಪಂಚಮ 360, ಅನುಪಾತ 3:2. ಶುದ್ಧ ಮಧ್ಯಮ 320, ಅನುಪಾತ 4:3. ಹೀಗೆ ಸಣ್ಣ ಪೂರ್ಣಾಂಕಗಳ ಅನುಪಾತಗಳಿಂದ ಸ್ವರಗಳನ್ನು ಕಟ್ಟುವ ಕ್ರಮವನ್ನು ಶುದ್ಧಾನುಪಾತದ ಶ್ರುತಿಕ್ರಮ ಎನ್ನಬಹುದು. ಇದಕ್ಕೆ ಎದುರಾಗಿ, ಸ್ಥಾಯಿಯನ್ನು, ಅಂದರೆ ಒಂದು ಷಡ್ಜದಿಂದ ಮುಂದಿನ ಷಡ್ಜದವರೆಗಿನ ಹರವನ್ನು, ಒಂದೇ ಅಳತೆಯ ಹನ್ನೆರಡು ಮೆಟ್ಟಿಲುಗಳಾಗಿ ಹಂಚಿಬಿಡುವುದು ಸಮಭಾಗ ಕ್ರಮ. ಕೀಬೋರ್ಡ್‌ಗಳಿಗೂ ಹೆಚ್ಚಿನ ಶ್ರುತಿಮಾಪಕ ಆ್ಯಪ್‌ಗಳಿಗೂ ಈ ಎರಡನೆಯದೇ ಆಧಾರ.

ಸೆಂಟ್ ಎಂಬುದು ಈ ಹನ್ನೆರಡು ಮೆಟ್ಟಿಲುಗಳಲ್ಲಿ ಒಂದೊಂದನ್ನೂ ನೂರು ಭಾಗ ಮಾಡಿದಾಗ ಸಿಗುವ ಅಳತೆ. ಒಂದು ಸ್ಥಾಯಿಗೆ 1200 ಸೆಂಟ್. ಇದನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್. ಬೇರೆ ಬೇರೆ ದೇಶಗಳ ಸ್ವರಶ್ರೇಣಿಗಳನ್ನು ಹೋಲಿಸುವ 1885ರ ಪ್ರಬಂಧದಲ್ಲಿ ಅವರು ಇದೇ ಅಳತೆಯನ್ನು ಬಳಸಿದರು.

ಗಾಂಧಾರಕ್ಕೆ ಹೋಗುವ ಎರಡು ದಾರಿಗಳು

ಈಗ ಲೆಕ್ಕಕ್ಕೆ ಬರೋಣ. ಗುಣಾಕಾರ, ಭಾಗಾಕಾರಗಳಿಗಿಂತ ಹೆಚ್ಚಿನದೇನೂ ಇದರಲ್ಲಿ ಬೇಡ.

ಮೊದಲ ದಾರಿ ತಂಬೂರಿಯದು. ಯಾವ ತಂತಿಯೂ ಒಂದೇ ಸ್ವರವನ್ನು ನುಡಿಯುವುದಿಲ್ಲ. 240 ಹರ್ಟ್ಜ್‌ನ ತಂತಿ ಇಡಿಯಾಗಿ ಕಂಪಿಸುವುದರ ಜೊತೆಗೆ ಎರಡು, ಮೂರು, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತದೆ. ಹಾಗಾಗಿ 480, 720, 960, 1200 ಹರ್ಟ್ಜ್‌ನ ಉಪಸ್ವರಗಳೂ ಅದರೊಳಗೇ ಕೇಳುತ್ತಿರುತ್ತವೆ. ಐದನೆಯದಾದ 1200ನ್ನು ಎರಡು ಸ್ಥಾಯಿ ಕೆಳಗಿಳಿಸಿದರೆ, ಅಂದರೆ ನಾಲ್ಕರಿಂದ ಭಾಗಿಸಿದರೆ, 300 ಸಿಗುತ್ತದೆ. ಅದೇ ಗಾಂಧಾರ, ಷಡ್ಜಕ್ಕೆ ಅದರ ಅನುಪಾತ 5:4. ತಂಬೂರಿಯಲ್ಲಿ ಗಾಂಧಾರಕ್ಕೆಂದು ಯಾರೂ ತಂತಿ ಕಟ್ಟಿಲ್ಲ, ಆದರೂ ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯಲ್ಲಿ ಅಂತರ ಗಾಂಧಾರ (ಶಂಕರಾಭರಣದ ಗಾಂಧಾರ ಇದೇ) ತಾನಾಗಿಯೇ ಕೇಳಿಸುತ್ತದೆ ಎಂದು ಹಿರಿಯರು ಹೇಳುವುದು ಇದನ್ನೇ. ತಂತಿಗಳನ್ನು ಹೊತ್ತಿರುವ ಅಗಲವಾದ ‘ಕುದುರೆ’ಯೂ ತಂತಿಯ ಕೆಳಗೆ ಸಿಕ್ಕಿಸುವ ದಾರದ ಎಳೆಯೂ ಸೇರಿ ಈ ಉಪಸ್ವರಗಳಿಗೆ ಅಸಾಧಾರಣವಾದ ಬಲ ಕೊಡುತ್ತವೆ. 1921ರಲ್ಲಿ ಸಿ.ವಿ. ರಾಮನ್ ತಂಬೂರಿ ಮತ್ತು ವೀಣೆಗಳ ಬಗ್ಗೆ ಬರೆದ ಪ್ರಬಂಧ ಈ ಕುದುರೆಯ ಕೆಲಸವನ್ನೇ ಕುರಿತದ್ದು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಒಂದು ಉಪಸ್ವರ ಹುಟ್ಟಬಾರದೋ ಅಲ್ಲೇ ಮೀಟಿದರೂ ಈ ವಾದ್ಯಗಳಲ್ಲಿ ಅದು ಕೇಳಿಬರುತ್ತದೆ ಎಂಬುದನ್ನು ಅವರು ಗಮನಿಸಿದರು.

ಎರಡನೆಯ ದಾರಿ ಪಂಚಮದಿಂದ ಪಂಚಮಕ್ಕೆ ಹತ್ತುತ್ತ ಹೋಗುವುದು. ಷಡ್ಜ 240. ಅದರ ಪಂಚಮ 360. ಆ ಪಂಚಮವನ್ನೇ ಷಡ್ಜವೆಂದು ಭಾವಿಸಿ ಅದರ ಪಂಚಮ ಹಿಡಿದರೆ 540, ಅದು ತಾರಸ್ಥಾಯಿಯ ಋಷಭ; ಮಧ್ಯಸ್ಥಾಯಿಗೆ ಇಳಿಸಿದರೆ 270. ಋಷಭದ ಪಂಚಮ 405, ಅದು ಧೈವತ. ಧೈವತದ ಪಂಚಮ 607.5, ಅದು ತಾರ ಗಾಂಧಾರ. ಒಂದು ಸ್ಥಾಯಿ ಇಳಿಸಿದರೆ 303.75.

ಮೊದಲ ದಾರಿಯಲ್ಲಿ ಗಾಂಧಾರ 300, ಎರಡನೆಯ ದಾರಿಯಲ್ಲಿ 303.75. ದಾರಿಗಳೆರಡೂ ಶುದ್ಧವೇ, ಪ್ರತಿಯೊಂದು ಹೆಜ್ಜೆಯನ್ನೂ ಕಿವಿಯೇ ಒಪ್ಪಿದೆ, ಆದರೂ ತಲುಪಿದ ಜಾಗ ಒಂದೇ ಅಲ್ಲ. 303.75ನ್ನು 300ರಿಂದ ಭಾಗಿಸಿದರೆ 1.0125 ಬರುತ್ತದೆ, ಅದೇ 81/80. ಸೆಂಟ್ ಲೆಕ್ಕದಲ್ಲಿ 21.5.

ಸಂಖ್ಯೆಗಳನ್ನು ಬಿಡಿಸಿ ನೋಡಿದರೆ ಕಾರಣ ಕಾಣುತ್ತದೆ. ಪಂಚಮದ ದಾರಿಯಲ್ಲಿ ನಾಲ್ಕು ಬಾರಿ 3ರಿಂದ ಗುಣಿಸಿದ್ದೇವೆ, ಹಾಗಾಗಿ ಅಲ್ಲಿರುವುದು 81. ತಂಬೂರಿಯ ದಾರಿಯಲ್ಲಿರುವುದು 5. ಸ್ಥಾಯಿ ಸರಿಹೊಂದಿಸಲು ಅದನ್ನು 16ರಿಂದ ಗುಣಿಸಿದರೆ 80. ಮೂರೂ ಐದೂ ಅವಿಭಾಜ್ಯ ಸಂಖ್ಯೆಗಳು. ಮೂರನ್ನು ಎಷ್ಟು ಬಾರಿ ಗುಣಿಸುತ್ತ ಹೋದರೂ, ಎರಡರಿಂದ ಎಷ್ಟು ಬಾರಿ ಭಾಗಿಸಿದರೂ, ಉತ್ತರ ಐದು ಆಗುವುದೇ ಇಲ್ಲ. ಅತಿ ಸಮೀಪ ಬಂದು ನಿಲ್ಲುತ್ತದೆ, ಮುಟ್ಟುವುದಿಲ್ಲ.

ನಮಗೆ ಚಿರಪರಿಚಿತವಾದ ಅಧಿಕಮಾಸದ ಲೆಕ್ಕವೂ ಇದೇ ಜಾತಿಯದು. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ, ಸೂರ್ಯನ ವರ್ಷ ಸುಮಾರು 365 ದಿನ. ಚಂದ್ರನದೂ ತಪ್ಪಲ್ಲ, ಸೂರ್ಯನದೂ ತಪ್ಪಲ್ಲ, ಆದರೆ ವರ್ಷಕ್ಕೆ ಹನ್ನೊಂದು ದಿನ ಉಳಿದುಹೋಗುತ್ತದೆ. ಆ ಉಳಿಕೆಯನ್ನು ಗಮನಿಸದೆ ಬಿಟ್ಟರೆ ಯುಗಾದಿ ವಸಂತದಿಂದ ಜಾರಿ ಚಳಿಗಾಲಕ್ಕೆ ಹೋಗಿಬಿಡುತ್ತದೆ. ಪಂಚಾಂಗದವರು ಉಳಿಕೆಯನ್ನು ಕೂಡಿಟ್ಟು ಎರಡೂವರೆ ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲಕ್ಕೊಮ್ಮೆ ಒಂದು ತಿಂಗಳಾಗಿ ಸೇರಿಸುತ್ತಾರೆ. ಸಂಗೀತದಲ್ಲಿ ಮೂರರ ಎಣಿಕೆಗೂ ಐದರ ಎಣಿಕೆಗೂ ನಡುವೆ ಉಳಿಯುವ ಇಂಥ ಹನ್ನೊಂದು ದಿನವೇ ಈ 81:80.

ಇಷ್ಟು ಸಣ್ಣದು ಕಿವಿಗೆ ಕೇಳಿಸುತ್ತದೆಯೇ?

ಇದರ ಗಾತ್ರವನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳಬಹುದು. 81 ಸೆಂಟಿಮೀಟರ್ ಉದ್ದದ ತಂತಿಯನ್ನು ಒಂದೇ ಒಂದು ಸೆಂಟಿಮೀಟರ್ ಮೊಟಕುಗೊಳಿಸಿದರೆ ಸ್ವರ ಏರುವುದು ನಿಖರವಾಗಿ ಇಷ್ಟು. ಅದೇ ತಂತಿಯಲ್ಲಿ ತಂಬೂರಿಯ ಗಾಂಧಾರ ಹುಟ್ಟಲು 64.8 ಸೆಂಟಿಮೀಟರ್ ಕಂಪಿಸಬೇಕು, ಪಂಚಮದ ದಾರಿಯ ಗಾಂಧಾರಕ್ಕೆ 64 ಸೆಂಟಿಮೀಟರ್. ನಡುವಿನ ಅಂತರ ಎಂಟು ಮಿಲಿಮೀಟರ್. ಮೈಸೂರಿನಲ್ಲಿ ವೀಣೆ ತಯಾರಿಸುವವರು ಮೇಣದ ಮೇಲೆ ಲೋಹದ ಮೆಟ್ಟಿಲುಗಳನ್ನು ಕಿವಿಯಿಂದಲೇ ಅಳೆದು ಕೂರಿಸುತ್ತಾರೆ. ಆ ಕೆಲಸದಲ್ಲಿ ಎಂಟು ಮಿಲಿಮೀಟರ್ ಸಣ್ಣ ಮಾತಲ್ಲ.

ಒಂದರ ಹಿಂದೆ ಒಂದಾಗಿ ಎರಡು ಗಾಂಧಾರಗಳನ್ನು ಕೇಳಿಸಿದರೆ ಅಭ್ಯಾಸವಿಲ್ಲದವರಿಗೆ ವ್ಯತ್ಯಾಸ ತಿಳಿಯದೆ ಹೋಗಬಹುದು. ಆದರೆ ಎರಡು ನಾದಗಳು ಒಟ್ಟಿಗೆ ಸೇರಿದಾಗ ಇನ್ನೊಂದು ಸಂಗತಿ ನಡೆಯುತ್ತದೆ. ಸಮೀಪದ ಎರಡು ಕಂಪನಗಳು ಒಮ್ಮೆ ಒಂದಕ್ಕೊಂದು ಜೊತೆಗೂಡುತ್ತವೆ, ಮರುಕ್ಷಣ ಒಂದನ್ನೊಂದು ಅಳಿಸುತ್ತವೆ. ಆಗ ನಾದ ಅಲೆಅಲೆಯಾಗಿ ಏರಿಳಿಯುತ್ತದೆ. ಭೌತಶಾಸ್ತ್ರದ ಪಠ್ಯಗಳಲ್ಲಿ ಇದನ್ನು ವಿಸ್ಪಂದ ಎನ್ನುತ್ತಾರೆ. ತಂಬೂರಿಯ ಬಿರಡೆ ತಿರುಗಿಸುತ್ತ, ಮಣಿಯನ್ನು ಸರಿಸುತ್ತ ಶ್ರುತಿ ಕೂಡಿಸುವವರು ಆಲಿಸುವುದು ಇದನ್ನೇ: ಅಲೆ ನಿಧಾನವಾಗುತ್ತ ಹೋಗಿ ನಿಂತರೆ ಶ್ರುತಿ ಸೇರಿತು ಎಂದರ್ಥ.

ನಮ್ಮ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡೋಣ. ಷಡ್ಜದ ಐದನೆಯ ಉಪಸ್ವರ 1200. ಗಾಂಧಾರ 300 ಆಗಿದ್ದರೆ ಅದರ ನಾಲ್ಕನೆಯ ಉಪಸ್ವರವೂ 1200. ಎರಡೂ ಒಂದರಲ್ಲೊಂದು ಸೇರಿಹೋಗುತ್ತವೆ, ಅಲೆಯಿಲ್ಲ. ಗಾಂಧಾರ 303.75 ಆಗಿದ್ದರೆ ಅದರ ನಾಲ್ಕನೆಯ ಉಪಸ್ವರ 1215. ಆಗ ಸೆಕೆಂಡಿಗೆ ಹದಿನೈದು ಬಾರಿ ಏರಿಳಿತವಾಗಿ ನಾದ ಒರಟಾಗುತ್ತದೆ. ಸಮಭಾಗ ಕ್ರಮದ ಗಾಂಧಾರ ಇವೆರಡರ ನಡುವೆ, ಸುಮಾರು 302.4ರಲ್ಲಿದೆ, ಅದರ ಅಲೆ ಸೆಕೆಂಡಿಗೆ ಒಂಬತ್ತು ಹತ್ತು ಬಾರಿ. ಸೆಂಟ್‌ಗಳಲ್ಲಿ ಹೇಳುವುದಾದರೆ ತಂಬೂರಿಯ ಗಾಂಧಾರ 386, ಸಮಭಾಗದ್ದು 400, ಪಂಚಮದ ದಾರಿಯದು 408. ಆ್ಯಪ್ ತೋರಿಸಿದ ಹದಿನಾಲ್ಕು ಸೆಂಟ್‌ಗಳ ಮೂಲ ಇದೇ. ಧೈವತದಲ್ಲೂ 5:3ರ ಅನುಪಾತ ಹಿಡಿದವರಿಗೆ ಮುಳ್ಳು ಹದಿನಾರು ಸೆಂಟ್ ಕೆಳಗೆ ನಿಲ್ಲುತ್ತದೆ. ಪಂಚಮದಲ್ಲಿ ಮಾತ್ರ ವ್ಯತ್ಯಾಸ ಎರಡೇ ಸೆಂಟ್, ಆದ್ದರಿಂದ ಅಲ್ಲಿ ಯಾರಿಗೂ ಸಂದೇಹ ಬರುವುದಿಲ್ಲ.

ಭರತನ ಎರಡು ವೀಣೆಗಳು

ನಾಟ್ಯಶಾಸ್ತ್ರದ 28ನೆಯ ಅಧ್ಯಾಯದಲ್ಲಿ ಭರತ ಈ ವಿಷಯವನ್ನು ಸಂಖ್ಯೆಯ ಅನುಪಾತಗಳಿಲ್ಲದೆ, ಕಿವಿಯೊಂದನ್ನೇ ಆಧಾರವಾಗಿಟ್ಟುಕೊಂಡು ವಿವರಿಸುತ್ತಾನೆ. ಆ ಕ್ರಮ ಎಷ್ಟು ಸರಳವೋ ಅಷ್ಟೇ ಚತುರವಾದದ್ದು, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಅವನ ಷಡ್ಜಗ್ರಾಮ ಎಂಬ ಸ್ವರಶ್ರೇಣಿಯಲ್ಲಿ ಸ್ಥಾಯಿಯ ಇಪ್ಪತ್ತೆರಡು ಶ್ರುತಿಗಳು ಏಳು ಸ್ವರಗಳಿಗೆ ಹಂಚಿಕೆಯಾಗಿವೆ: ಷಡ್ಜ, ಮಧ್ಯಮ, ಪಂಚಮಗಳಿಗೆ ನಾಲ್ಕು ನಾಲ್ಕು, ಋಷಭ, ಧೈವತಗಳಿಗೆ ಮೂರು ಮೂರು, ಗಾಂಧಾರ, ನಿಷಾದಗಳಿಗೆ ಎರಡೆರಡು. ಪ್ರತಿ ಸ್ವರವೂ ತನ್ನ ಪಾಲಿನ ಕೊನೆಯ ಶ್ರುತಿಯಲ್ಲಿ ನಿಲ್ಲುತ್ತದೆ. ಹಾಗಾಗಿ ಷಡ್ಜ ನಾಲ್ಕನೆಯದರಲ್ಲಿ, ಋಷಭ ಏಳನೆಯದರಲ್ಲಿ, ಮಧ್ಯಮ ಹದಿಮೂರನೆಯದರಲ್ಲಿ, ಪಂಚಮ ಹದಿನೇಳನೆಯದರಲ್ಲಿ. ಒಂಬತ್ತು ಅಥವಾ ಹದಿಮೂರು ಶ್ರುತಿ ಅಂತರದ ಸ್ವರಗಳು ಸಂವಾದಿಗಳು, ಅಂದರೆ ಒಟ್ಟಿಗೆ ಹಿತವಾಗಿ ನುಡಿಯುವವು. ಷಡ್ಜಕ್ಕೂ ಪಂಚಮಕ್ಕೂ ಹದಿಮೂರು, ಷಡ್ಜಕ್ಕೂ ಮಧ್ಯಮಕ್ಕೂ ಒಂಬತ್ತು, ಅವು ಸಂವಾದಿಗಳು. ಆದರೆ ಋಷಭದಿಂದ ಪಂಚಮಕ್ಕೆ ಹತ್ತು ಶ್ರುತಿ. ಒಂದು ಹೆಚ್ಚಾಯಿತು, ಸಂವಾದ ಕೆಟ್ಟಿತು. ಮಧ್ಯಮಗ್ರಾಮ ಎಂಬ ಇನ್ನೊಂದು ಶ್ರೇಣಿಯಲ್ಲಿ ಪಂಚಮವನ್ನು ಒಂದು ಶ್ರುತಿ ಇಳಿಸಿದಾಗ ಋಷಭದೊಂದಿಗೆ ಅದು ಸೇರಿಕೊಳ್ಳುತ್ತದೆ, ಆದರೆ ಷಡ್ಜದ ನಂಟನ್ನು ಕಳೆದುಕೊಳ್ಳುತ್ತದೆ. ಹೀಗೆ ಪಂಚಮದ ತಂತಿಯನ್ನು ಸಡಿಲಿಸಿ ಅಥವಾ ಬಿಗಿದು ಒಂದು ಗ್ರಾಮದಿಂದ ಇನ್ನೊಂದಕ್ಕೆ ಸರಿಸುವಾಗ ಉಂಟಾಗುವ ಅಂತರವನ್ನೇ ಭರತ ಪ್ರಮಾಣಶ್ರುತಿ ಎಂದು ಕರೆಯುತ್ತಾನೆ. ಪ್ರಮಾಣ ಎಂದರೆ ಅಳತೆ: ಉಳಿದವನ್ನು ಅಳೆಯಲು ಇಟ್ಟುಕೊಂಡ ಮೊದಲ ಅಳತೆ.

ಭರತ ಅನುಪಾತ ಹೇಳಿಲ್ಲ, ಅದು ಇಂದಿನವರು ಅವನ ಮಾತಿನಿಂದ ಬಿಡಿಸಿದ ಲೆಕ್ಕ. ಸಂವಾದಿಗಳನ್ನು 3:2 ಮತ್ತು 4:3 ಎಂದೂ, ಮೂರು ಶ್ರುತಿಯ ಋಷಭವನ್ನು 10:9 ಎಂದೂ ಓದಿದರೆ, ಋಷಭದೊಂದಿಗೆ ಸಂವಾದಿಯಾಗುವ ಪಂಚಮ 40:27 ಆಗುತ್ತದೆ. ಷಡ್ಜದ ಪಂಚಮ 3:2. ಇವೆರಡರ ನಡುವಿನ ಅಂತರ ಮತ್ತೆ ಅದೇ 81:80.

ಮುಂದಿನ ಹಂತ ಸಾರಣಾ ಚತುಷ್ಟಯ, ಅಂದರೆ ನಾಲ್ಕು ಬಾರಿ ಶ್ರುತಿ ಇಳಿಸಿ ನೋಡುವ ಪ್ರಯೋಗ. ಒಂದೇ ರೀತಿ ಶ್ರುತಿ ಮಾಡಿದ ಎರಡು ವೀಣೆಗಳನ್ನು ತೆಗೆದುಕೊಳ್ಳಬೇಕು. ಧ್ರುವವೀಣೆಯನ್ನು ಮುಟ್ಟುವಂತಿಲ್ಲ, ಚಲವೀಣೆಯನ್ನು ಮಾತ್ರ ಇಳಿಸುತ್ತ ಹೋಗಬೇಕು. ಮೊದಲ ಸಾರಣೆಯಲ್ಲಿ ಚಲವೀಣೆಯ ಪಂಚಮವನ್ನು ಪ್ರಮಾಣಶ್ರುತಿಯಷ್ಟು ಇಳಿಸಿ, ಉಳಿದ ಸ್ವರಗಳನ್ನು ಅದಕ್ಕೆ ಹೊಂದಿಸಿ ಮತ್ತೆ ಷಡ್ಜಗ್ರಾಮ ಮಾಡಿಕೊಂಡರೆ ಇಡೀ ವೀಣೆಯೇ ಒಂದು ಶ್ರುತಿ ಕೆಳಗಿಳಿಯುತ್ತದೆ. ಎರಡನೆಯ ಸಾರಣೆಯ ಕೊನೆಗೆ ಚಲವೀಣೆಯ ಗಾಂಧಾರ, ನಿಷಾದಗಳು ಧ್ರುವವೀಣೆಯ ಋಷಭ, ಧೈವತಗಳಲ್ಲಿ ಸೇರಿಹೋಗುತ್ತವೆ. ಮೂರನೆಯದರಲ್ಲಿ ಋಷಭ, ಧೈವತಗಳು ಷಡ್ಜ, ಪಂಚಮಗಳಲ್ಲಿ ಸೇರುತ್ತವೆ. ನಾಲ್ಕನೆಯದರಲ್ಲಿ ಷಡ್ಜ, ಮಧ್ಯಮ, ಪಂಚಮಗಳು ತಮ್ಮ ಕೆಳಗಿನ ನಿಷಾದ, ಗಾಂಧಾರ, ಮಧ್ಯಮಗಳಲ್ಲಿ ಸೇರುತ್ತವೆ. ಅಲ್ಲಿಗೆ ಎರಡು, ಮೂರು, ನಾಲ್ಕು ಶ್ರುತಿಗಳ ಹಂಚಿಕೆ ಕಿವಿಗೇ ಸಾಬೀತಾಗುತ್ತದೆ.

ಇದೇ ಓದನ್ನು ಸೆಂಟ್‌ಗಳಿಗೆ ತಂದರೆ ಎರಡು ಶ್ರುತಿ 112, ಮೂರು ಶ್ರುತಿ 182, ನಾಲ್ಕು ಶ್ರುತಿ 204. ಹಾಗಾದರೆ ನಾಲ್ಕು ಸಾರಣೆಗಳ ಒಂದೊಂದೇ ಹೆಜ್ಜೆ ಸುಮಾರು 22, 90, 71, 22 ಸೆಂಟ್ ಆಗುತ್ತದೆ. ಅಂದರೆ ಶ್ರುತಿಗಳು ಸಮಾನವಲ್ಲ, ಅವುಗಳಲ್ಲಿ ಮೂರು ಅಳತೆಗಳಿವೆ. ಅತಿ ಸಣ್ಣದು ಪ್ರಮಾಣಶ್ರುತಿ. ಸ್ಥಾಯಿಯಲ್ಲಿ ಸಣ್ಣವು ಹತ್ತು, ನಡುವಿನವು ಐದು, ದೊಡ್ಡವು ಏಳು. ಕೂಡಿದರೆ ಶ್ರುತಿಗಳೂ ಇಪ್ಪತ್ತೆರಡೇ, ಸೆಂಟ್‌ಗಳೂ 1200ಕ್ಕೆ ಸರಿಹೋಗುತ್ತವೆ. ಇಪ್ಪತ್ತೆರಡು ಶ್ರುತಿಗಳೂ ಸಮಾನವೆಂದೇ ಭರತನ ಆಶಯ ಎನ್ನುವ ವಿದ್ವಾಂಸರೂ ಇದ್ದಾರೆ, ಈ ಚರ್ಚೆ ಇನ್ನೂ ಮುಗಿದಿಲ್ಲ.

ಕನ್ನಡ ನಾಡಿಗೆ ಇನ್ನೂ ಹತ್ತಿರದ ಒಂದು ಕೊಂಡಿಯೂ ಇದೆ. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ 1550ರಲ್ಲಿ ಸ್ವರಮೇಳಕಲಾನಿಧಿಯನ್ನು ಬರೆದ ರಾಮಾಮಾತ್ಯ, ವೀಣೆಯ ಮೆಟ್ಟಿಲುಗಳನ್ನು ಕೂರಿಸುವ ಕ್ರಮ ಹೇಳುವಾಗ ತಾವಾಗಿ ಹುಟ್ಟುವ ಸ್ವರಗಳನ್ನು ‘ಸ್ವಯಂಭೂ’ ಎಂದು ಕರೆಯುತ್ತಾನೆ. ಯಾರೂ ಗೊತ್ತುಮಾಡದೆ ತಂತಿಯೇ ಕೊಡುವ ಸ್ವರ ಎಂಬ ಈ ಕಲ್ಪನೆ, ತಂಬೂರಿಯ ಗಾಂಧಾರವನ್ನು ಅರ್ಥ ಮಾಡಿಕೊಳ್ಳಲು ಇಂದಿಗೂ ಒದಗುತ್ತದೆ.

ಯುರೋಪಿನಲ್ಲಿ ಷಡ್ಜ ಜಾರಿದ ಬಗೆ

ಗ್ರೀಕರಲ್ಲಿ ಪೈಥಾಗೊರಸ್‌ನ ಪರಂಪರೆ ಪಂಚಮದ ದಾರಿಯನ್ನು ಹಿಡಿದಿತ್ತು. ಡಿಡಿಮಸ್ ಎಂಬ ಸಂಗೀತಶಾಸ್ತ್ರಜ್ಞ 5:4ರ ಗಾಂಧಾರವನ್ನು ಲೆಕ್ಕಕ್ಕೆ ತಂದು, 9:8 ಮತ್ತು 10:9 ಎಂಬ ದೊಡ್ಡ, ಸಣ್ಣ ಹೆಜ್ಜೆಗಳನ್ನು ಬೇರೆ ಮಾಡಿದ. ಅವುಗಳ ವ್ಯತ್ಯಾಸವೇ 81:80 ಆದ್ದರಿಂದ ಈ ಅಂತರಕ್ಕೆ ಡಿಡಿಮಸ್‌ನ ಕಾಮ ಎಂಬ ಹೆಸರೂ ಇದೆ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಆ ಎರಡು ಹೆಜ್ಜೆಗಳ ಸ್ಥಾನವನ್ನು ಅದಲುಬದಲು ಮಾಡಿದ. ಅವನ ಆ ಶ್ರೇಣಿಗೆ ‘ಬಿಗಿಯಾಗಿ ಎಳೆದದ್ದು’ ಎಂಬರ್ಥದ ಸಿಂಟೋನಿಕ್ ಎಂಬ ಹೆಸರಿತ್ತು. ಇಂದಿನ ‘ಸಿಂಟೋನಿಕ್ ಕಾಮ’ ಬಂದದ್ದು ಅದರಿಂದ.

ಹಲವು ಕಂಠಗಳು ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಹಾಡುವ ಪದ್ಧತಿ ಬೆಳೆದ ಮೇಲೆ ಯುರೋಪಿನಲ್ಲಿ ಇದು ತೊಡಕಾಯಿತು. ನಮ್ಮ ಸ್ವರಗಳಲ್ಲಿಯೇ ನೋಡಬಹುದು. ಷಡ್ಜ 240ರಿಂದ 5:3ರ ಧೈವತಕ್ಕೆ ಏರಿದರೆ 400. ಅಲ್ಲಿಂದ ಒಂದು ಪಂಚಮದಷ್ಟು ಇಳಿದರೆ ಋಷಭ, 266.67. ಅಲ್ಲಿಂದ ಮಧ್ಯಮದಷ್ಟು ಏರಿದರೆ ಪಂಚಮ, 355.56. ಅಲ್ಲಿಂದ ಒಂದು ಪಂಚಮದಷ್ಟು ಇಳಿದರೆ ಮತ್ತೆ ಷಡ್ಜಕ್ಕೆ ಬರಬೇಕು, ಆದರೆ ಬಂದದ್ದು 237.04. ಪ್ರತಿ ಹೆಜ್ಜೆಯೂ ಶುದ್ಧ, ಆದರೂ ಮನೆಗೆ ಮರಳಿದಾಗ ಹೊಸ್ತಿಲು ಒಂದು ಪ್ರಮಾಣಶ್ರುತಿ ಕೆಳಗಿದೆ. ನಡುವೆ ಸಿಕ್ಕ 355.56ರ ಪಂಚಮ ಬೇರೆ ಯಾವುದೂ ಅಲ್ಲ, ಭರತ ಮಧ್ಯಮಗ್ರಾಮಕ್ಕಾಗಿ ಇಳಿಸಿದ ಪಂಚಮವೇ. ಈ ಸುತ್ತನ್ನು ಐದು ಬಾರಿ ಹಾಡಿದರೆ ಶ್ರುತಿ ಸಮಭಾಗ ಕ್ರಮದ ಒಂದು ಮೆಟ್ಟಿಲಿಗಿಂತ ಹೆಚ್ಚು, 107 ಸೆಂಟ್‌ನಷ್ಟು ಇಳಿದಿರುತ್ತದೆ. ಅಧಿಕಮಾಸವಿಲ್ಲದ ಪಂಚಾಂಗದಲ್ಲಿ ಯುಗಾದಿ ಜಾರುವುದೂ ಹೀಗೆಯೇ. ಇಟಲಿಯ ಗಣಿತಜ್ಞ ಬೆನೆಡೆಟ್ಟಿ ಹದಿನಾರನೆಯ ಶತಮಾನದಲ್ಲಿ ಸಂಗೀತ ರಚನೆಗಾರ ಚಿಪ್ರಿಯಾನೊ ದ ರೋರೆಗೆ ಬರೆದ ಪತ್ರಗಳಲ್ಲಿ ಇಂಥದೇ ಉದಾಹರಣೆಗಳಿಂದ ಈ ಜಾರುವಿಕೆಯನ್ನು ತೋರಿಸಿದ. ಅವು 1585ರಲ್ಲಿ ಅಚ್ಚಾದವು.

ಕಂಠ ಸರಿಪಡಿಸಿಕೊಳ್ಳಬಲ್ಲದು, ಆದರೆ ಕೀಲಿಗಳಿರುವ (ಕೀಬೋರ್ಡ್) ವಾದ್ಯಕ್ಕೆ ಅದು ಆಗದು. ಆ ಕಾಲದ ಪರಿಹಾರ ಹೀಗಿತ್ತು: ನಾಲ್ಕು ಪಂಚಮ ಹತ್ತಿದಾಗ ಒಂದು ಕಾಮ ಹೆಚ್ಚಾಗುತ್ತದೆ ಎಂದಾದರೆ, ಪ್ರತಿ ಪಂಚಮದಿಂದಲೂ ಕಾಲು ಕಾಮ ಕಿತ್ತುಬಿಡುವುದು. ಆಗ ಪಂಚಮ 702 ಸೆಂಟ್‌ಗಳಿಂದ 696.6ಕ್ಕೆ ಇಳಿದು ಕೊಂಚ ಮಂಕಾಗುತ್ತದೆ, ಆದರೆ ಗಾಂಧಾರಗಳು ಶುದ್ಧವಾಗುತ್ತವೆ. 1523ರಲ್ಲಿ ಪಿಯೆತ್ರೊ ಆರೊನ್ ಇಂಥ ಕ್ರಮವನ್ನು ವಿವರಿಸಿದ, ಆ ಶತಮಾನದಲ್ಲಿಯೇ ಝಾರ್ಲಿನೊ ಮತ್ತು ಸಲೀನಾಸ್ ಅದಕ್ಕೆ ಖಚಿತ ಗಣಿತ ಕೊಟ್ಟರು. ಬಿರುಕು ಅಲ್ಲಿಗೂ ಮುಗಿಯಲಿಲ್ಲ. ಹನ್ನೆರಡು ಕೀಲಿಗಳಲ್ಲಿ ಹನ್ನೊಂದು ಪಂಚಮ ಹೀಗೆ ಕಿರಿದಾದಾಗ ಉಳಿದ ಒಂದು ಅತಿಯಾಗಿ ಹಿಗ್ಗಿ ಕರ್ಕಶವಾಯಿತು. ಅದರ ಊಳಿಡುವಂಥ ಸದ್ದಿಗೆ ‘ತೋಳ’ ಎಂದೇ ಹೆಸರು. ತೋಳಕ್ಕೆ ಎಡೆಯಿಲ್ಲದಂತೆ ನಿಕೊಲಾ ವಿಚೆಂತಿನೊ ಸ್ಥಾಯಿಯನ್ನು 31 ಭಾಗ ಮಾಡುವ ಕೀಲಿವಾದ್ಯವನ್ನೇ ರೂಪಿಸಿ, 1555ರ ತನ್ನ ಗ್ರಂಥದಲ್ಲಿ ವಿವರಿಸಿದ. ಕೊನೆಗೆ ಗೆದ್ದದ್ದು ಹನ್ನೆರಡು ಸಮಭಾಗಗಳ ಕ್ರಮ. ಅದರಲ್ಲಿ ಪಂಚಮಗಳು ಹೆಚ್ಚುಕಡಿಮೆ ಶುದ್ಧ, ಗಾಂಧಾರಗಳು ಹದಿನಾಲ್ಕು ಸೆಂಟ್ ತೀಕ್ಷ್ಣ, ತೋಳ ಎಲ್ಲಿಯೂ ಇಲ್ಲ. ಯಾವ ಕೀಲಿಯನ್ನು ಷಡ್ಜ ಮಾಡಿಕೊಂಡರೂ ಒಂದೇ ಫಲ.

ಇನ್ನೊಂದು ಕಾಮವೂ ಇದೆ, ಎರಡನ್ನೂ ಕಲಸಿಕೊಳ್ಳಬಾರದು. ಹನ್ನೆರಡು ಪಂಚಮಗಳನ್ನು ಹತ್ತಿದಾಗ ಏಳು ಸ್ಥಾಯಿಗಳನ್ನು ಮೀರಿ ಉಳಿಯುವ 23.5 ಸೆಂಟ್‌ಗಳ ಅಂತರ ಪೈಥಾಗೊರಸ್‌ನ ಕಾಮ. ಅದು ಮೂರಕ್ಕೂ ಎರಡಕ್ಕೂ ನಡುವಿನ ಜಗಳ, ನಮ್ಮದು ಮೂರಕ್ಕೂ ಐದಕ್ಕೂ ನಡುವಿನದು. ಎರಡರ ವ್ಯತ್ಯಾಸ ಎರಡು ಸೆಂಟ್‌ಗೂ ಕಡಿಮೆ. ತುರ್ಕಿಯ ಸಂಗೀತಶಾಸ್ತ್ರ ಸ್ಥಾಯಿಯನ್ನು 53 ಭಾಗ ಮಾಡಿ, 22.6 ಸೆಂಟ್‌ಗಳ ಒಂದೊಂದು ಭಾಗವನ್ನೂ ಕಾಮ ಎಂದೇ ಕರೆಯುತ್ತದೆ. ಈ ಅಳತೆ ಎರಡು ಕಾಮಗಳ ನಡುವೆ ಬಂದು ಎರಡಕ್ಕೂ ಒದಗುತ್ತದೆ.

ಹಾರ್ಮೋನಿಯಂ ತಂದ ಪ್ರಶ್ನೆ

ಯುರೋಪಿನ ಈ ರಾಜಿ ನಮ್ಮಲ್ಲಿಗೆ ಬಂದದ್ದು ಹಾರ್ಮೋನಿಯಂ ಪೆಟ್ಟಿಗೆಯೊಳಗೆ. ಸ್ಥಿರವಾದ ಷಡ್ಜ, ಹಿಂದೆ ನುಡಿಯುತ್ತಲೇ ಇರುವ ತಂಬೂರಿ ಇರುವ ಸಂಗೀತಕ್ಕೆ ಗಾಂಧಾರವನ್ನು ಹದಿನಾಲ್ಕು ಸೆಂಟ್ ತೀಕ್ಷ್ಣ ಮಾಡುವ ಅಗತ್ಯವೇ ಇರಲಿಲ್ಲ, ಏಕೆಂದರೆ ಹಾಡಿನ ನಡುವೆ ಷಡ್ಜ ಬದಲಾಗುವುದಿಲ್ಲ. ಹಾಗಾಗಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಲವರು ಶ್ರುತಿಗಳನ್ನು ವೈಜ್ಞಾನಿಕವಾಗಿ ಅಳೆಯಲು ಹೊರಟರು. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಅವರು ಅಬ್ದುಲ್ ಕರೀಂ ಖಾನ್ ಅವರ ಗಾಯನದ ನೆರವಿನಿಂದ ಇಪ್ಪತ್ತೆರಡು ಶ್ರುತಿಗಳನ್ನು ನಿರ್ಧರಿಸಲು ಯತ್ನಿಸಿ 1910ರಲ್ಲಿ ಪುಸ್ತಕ ಪ್ರಕಟಿಸಿದರು. ಕುಂದಗೋಳದ ಸವಾಯಿ ಗಂಧರ್ವರ ಗುರು ಇದೇ ಅಬ್ದುಲ್ ಕರೀಂ ಖಾನ್. ಅಧಿಕಾರಿಯಾಗಿದ್ದ ಕ್ಲೆಮೆಂಟ್ಸ್ ಅವರು ಈ ಕೆಲಸವನ್ನು ಮುಂದುವರಿಸಿ ಶ್ರುತಿ ಹಾರ್ಮೋನಿಯಂ ಮಾಡಿಸಿದರು. 1916ರಲ್ಲಿ ಬರೋಡಾದಲ್ಲಿ ನಡೆದ ಅಖಿಲ ಭಾರತ ಸಂಗೀತ ಸಮ್ಮೇಳನದಲ್ಲಿ ಅದು ಬಿಸಿ ಚರ್ಚೆಯ ವಸ್ತುವಾಯಿತು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಬಳಕೆಯನ್ನೇ ನಿಷೇಧಿಸಿತು, ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ನಿಷೇಧದ ಹಿಂದೆ ಬೇರೆ ಕಾರಣಗಳೂ ಇದ್ದವು, ಆದರೆ ಅದರ ಗಾಂಧಾರ, ಧೈವತಗಳು ತಂಬೂರಿಗೆ ಕೂಡುವುದಿಲ್ಲ ಎಂಬುದು ಪದೇ ಪದೇ ಕೇಳಿಬಂದ ಆಕ್ಷೇಪ.

ಹಾಗಾದರೆ ಹಾಡುಗಾರರು ಯಾವ ಗಾಂಧಾರ ಹಾಡುತ್ತಾರೆ?

ಕಲಿಯುವವರಿಗೆ ಬೇಕಾದ ಪ್ರಶ್ನೆ ಇದು. ತಂಬೂರಿಯ ಮೇಲೆ ಅಲುಗದೆ ನಿಲ್ಲಿಸುವ ಅಂತರ ಗಾಂಧಾರ 386 ಸೆಂಟ್‌ನತ್ತ ಸೆಳೆಯಲ್ಪಡುವುದು ಸಹಜ, ಅಲ್ಲಿ ಅಲೆಗಳು ಅಡಗುತ್ತವೆ. ಆದರೆ ರಾಗದ ಸ್ವರವೆಂದರೆ ನಿಂತ ಬಿಂದು ಮಾತ್ರವಲ್ಲ. ಭೂಪ ಮತ್ತು ದೇಶಕಾರ ರಾಗಗಳಿಗೆ ಅವವೇ ಐದು ಸ್ವರಗಳು. ಆದರೂ ದೇಶಕಾರದ ಧೈವತ ಭೂಪದ್ದಕ್ಕಿಂತ ಕೊಂಚ ಮೇಲಿರುತ್ತದೆ ಎಂದು ಹಿಂದೂಸ್ತಾನಿ ಗಾಯಕರು ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಧೈವತಕ್ಕೂ 400 ಮತ್ತು 405 ಎಂಬ ಎರಡು ಸ್ಥಾನಗಳು ಸಿಕ್ಕಿದ್ದವು, ಅವುಗಳ ಅಂತರವೂ 81:80 ಎಂಬುದನ್ನು ಇಲ್ಲಿ ನೆನೆಯಬಹುದು. ಕರ್ನಾಟಕ ಸಂಗೀತದಲ್ಲಿ ಗಮಕವೇ, ಅಂದರೆ ಸ್ವರವನ್ನು ಅಲುಗಿಸಿ ಬಳುಕಿಸುವ ಬಗೆಯೇ, ಸ್ವರದ ಜೀವ. ಕಂಪಿತ ಎಂಬ ಗಮಕದಲ್ಲಿ ಆಡುವ ಸ್ವರ ಒಂದು ಪ್ರಮಾಣಶ್ರುತಿಗಿಂತ ಎಷ್ಟೋ ಪಟ್ಟು ಅಗಲದ ಜಾಗದಲ್ಲಿ ಓಡಾಡುತ್ತದೆ, ಅಂಥಲ್ಲಿ ಒಂದು ಅನುಪಾತ ಹೇಳಿ ಮುಗಿಸಲಾಗುವುದಿಲ್ಲ. 1963ರಲ್ಲಿ ಜೈರಾಜ್‌ಭಾಯ್ ಮತ್ತು ಸ್ಟೋನ್ ಹಿಂದೂಸ್ತಾನಿ ಕಲಾವಿದರ ಸ್ವರಗಳನ್ನು ಉಪಕರಣಗಳಿಂದ ಅಳೆದಾಗ, ಒಬ್ಬರೇ ಕಲಾವಿದರು ಒಂದೇ ಸ್ವರವನ್ನು ಬೇರೆ ಬೇರೆ ಕ್ಷಣಗಳಲ್ಲಿ ಬೇರೆ ಬೇರೆ ಎತ್ತರದಲ್ಲಿ ನುಡಿಸುವುದು ಕಂಡುಬಂತು. ಆದ್ದರಿಂದ 5:4 ಎಂಬುದನ್ನು ಕಾನೂನು ಎಂದುಕೊಳ್ಳುವುದಕ್ಕಿಂತ, ಸ್ವರ ನಿಂತಾಗ ತಂಬೂರಿ ಅದನ್ನು ಎಳೆದುಕೊಳ್ಳುವ ಜಾಗ ಎಂದುಕೊಳ್ಳುವುದು ಹೆಚ್ಚು ಸರಿ.

ಇದನ್ನು ಮನೆಯಲ್ಲಿ ಕೇಳಿ ನೋಡುವುದು ಕಷ್ಟವಲ್ಲ. ಬೇಕಾದ ಹರ್ಟ್ಜ್ ಕೊಟ್ಟರೆ ನಾದ ಹೊರಡಿಸುವ ಆ್ಯಪ್ ಇರುವ ಎರಡು ಫೋನ್‌ಗಳು ಸಾಕು. ಉಪಸ್ವರಗಳಿಲ್ಲದ ನುಣುಪಾದ ನಾದವನ್ನು ಬಿಟ್ಟು, ಗರಗಸದ ಹಲ್ಲಿನ ಚಿತ್ರ ಇರುವ ನಾದವನ್ನು ಆರಿಸಿಕೊಳ್ಳಬೇಕು. ಒಂದರಲ್ಲಿ 240 ನುಡಿಯುತ್ತಿರಲಿ. ಇನ್ನೊಂದರಲ್ಲಿ ಮೊದಲು 303.75 ಕೊಟ್ಟು ಅದರ ಗುರುಗುಟ್ಟುವಿಕೆಯನ್ನು ಗಮನಿಸಿ, ಆಮೇಲೆ 300ಕ್ಕೆ ಇಳಿಸಿ. ಒರಟುತನ ನಿಂತು, ಎರಡು ನಾದಗಳು ಒಂದಾಗುವ ಕ್ಷಣ ಕೇಳಿಸುತ್ತದೆ. ನಂತರ ಎರಡನೆಯ ಫೋನನ್ನು ನಿಲ್ಲಿಸಿ, 240ರ ಮೇಲೆ ನಿಮ್ಮದೇ ಗಾಂಧಾರವನ್ನು ಕಣ್ಣು ಮುಚ್ಚಿ ಹಚ್ಚಿ. ಅದು ಎಲ್ಲಿ ನಿಂತಿತು ಎಂಬುದನ್ನು ಆ್ಯಪ್‌ನಲ್ಲಿ ನೋಡುವುದು ಅದಾದ ಮೇಲಿರಲಿ.